ಅಣ್ಣನಿಗೆಂದು ಬೇರೆ ಮಾಡಿದ್ದು

ಫೆಬ್ರವರಿ ೧೧

ಪ್ರೀತಿಯ ಗುಬ್ಬಿ,

ಮೊನ್ನೆ ನಿನ್ನ ಹೋಟೆಲಿನಿಂದ ಬಂದಾಗಿನಿಂದ ನನ್ನ ಜೀವಕ್ಕೆ ಸಮಾಧಾನವಿಲ್ಲ. ಫೋನ್ ಮಾಡೋಣವೆಂದರೆ ನಮ್ಮ ಮನೆ ನಿನಗೆ ಗೊತ್ತೇ ಇದೆ. ಮುಂದಿನ ಕೋಣೆಯಲ್ಲಿ ನಿಮ್ಮಣ್ಣನ ಗಡಿಯಾರ ರಿಪೇರಿ ಅಂಗಡಿ, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ಒಂದು ಹಲಗೆಯ ಗೋಡೆ. ನಾನು ಇಲ್ಲಿ ನಿಟ್ಟುಸಿರು ಬಿಟ್ಟರೆ ಅವರು ಅಲ್ಲಿಂದ "ಏನಾಯ್ತೇ?" ಅನ್ನುತ್ತಾರೆ. ಅದಕ್ಕೇ ನಾನು ಕೆಲಸಕ್ಕೆ ಹೋಗುವ ಪರದೆ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀನೂ ಈ ಅಂಗಡಿಯ ವಿಳಾಸಕ್ಕೇ ಬರೆ.

ಮೊದಲು ತಪ್ಪಾಯಿತು ಎಂದುಬಿಡುತ್ತೇನೆ. ಬಾಯಿ ಅವರದಾದರೂ ಆ ಬಾಯನ್ನು ಕಟ್ಟಿಕೊಂಡವಳು ನಾನಲ್ಲವೇ? ನೀನು ಎಷ್ಟು ಆಸೆಯಿಂದ ಕರೆದಿದ್ದೆ. ಅರ್ಧ ದಿನ ರೈಲಿನಲ್ಲಿ ಕೂತು ಬಂದೆವು. ಬಾಗಿಲಿಗೆ ಹೊಸ ಬಣ್ಣ, ಮೇಜುಗಳ ಮೇಲೆ ನಾನೇ ಹೊಲಿದು ಕಳಿಸಿದ ಹಾಸುಬಟ್ಟೆ. ಅದನ್ನೆಲ್ಲ ಕಂಡು ನನಗೆ ಕಣ್ಣು ತುಂಬಿ ಬಂದಿತ್ತು. ನೀನೇ ಕೈಯಾರೆ ತಟ್ಟೆ ತಂದು ಅಣ್ಣನ ಮುಂದಿಟ್ಟೆ. ಒಂದು ತುತ್ತು ಗುಬ್ಬಿ, ಒಂದೇ ತುತ್ತು. ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಆ ಗಂಟಲು!

"ಇದೇನೇ ಇದು? ಇದನ್ನ ಯಾರಾದ್ರೂ ತಿಂತಾರೇನೇ? ಹೋಟೆಲೂ ಬೇಡ ಗೀಟೆಲೂ ಬೇಡ, ಮುಚ್ಚಿಬಿಟ್ಟು ಮನೆಗೆ ಬಾ!"

ಪಕ್ಕದ ಮೇಜಿನ ಆ ಆಫೀಸಿನವರು ಎತ್ತಿದ ಚಮಚ ಎತ್ತಿದ ಹಾಗೇ ಹಿಡಿದು ತಮ್ಮ ತಟ್ಟೆಗಳನ್ನು ನೋಡಿಕೊಂಡರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನಿನ್ನ ಮುಖವನ್ನಂತೂ ನೋಡಲಾಗಲಿಲ್ಲ.

ಯಾಕೆ ಹಾಗಂದರೋ ನನಗೆ ತಲೆಬುಡ ಅರ್ಥವಾಗುತ್ತಿಲ್ಲ. ನನ್ನ ತಟ್ಟೆಯ ಊಟ ಎಷ್ಟು ಚೆನ್ನಾಗಿತ್ತು ಗೊತ್ತಾ? ಆ ಹುರಿದ ಬದನೆಕಾಯಿ, ಆ ಮೀನಿನ ಸೂಪು. ಎದ್ದು ಹೊರಡುವ ಗಲಾಟೆಯಲ್ಲೂ ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡೇ ಎದ್ದೆ, ನಾಚಿಕೆಗೆಟ್ಟವಳು.

ವಾಪಸು ಬರುವಾಗ ರೈಲಿನಲ್ಲಿ ತುಟಿ ಬಿಚ್ಚಲಿಲ್ಲ ಅವರು. ಮನೆಗೆ ಬಂದ ಮೇಲೂ ಅಷ್ಟೇ. ಊಟ ಸೇರುತ್ತಿಲ್ಲ. ತಟ್ಟೆಯ ಮುಂದೆ ಕೂತು, ನಾನು ತಿನ್ನುವುದನ್ನೇ ನೋಡುತ್ತಾರೆ. ಪಶ್ಚಾತ್ತಾಪ, ಇನ್ನೇನು? ತಾವಾಗಿ ಬಂದು ತಪ್ಪಾಯಿತು ಅನ್ನುವ ಪೈಕಿಯಲ್ಲ ನಿಮ್ಮಣ್ಣ, ನಿನಗೆ ಗೊತ್ತಲ್ಲ. ಅವರ ಪರವಾಗಿ ನಾನು ಕೇಳುತ್ತಿದ್ದೇನೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಮರಿ.

ನಿನ್ನ ಅತ್ತಿಗೆ

*

ಫೆಬ್ರವರಿ ೧೯

ಅತ್ತಿಗೆ,

ಕ್ಷಮೆಯನ್ನು ನೀವು ಯಾಕೆ ಕೇಳುತ್ತೀರಿ? ನೀವು ಕೇಳಿಬಿಟ್ಟರೆ ನನ್ನ ಸಿಟ್ಟನ್ನು ಯಾರ ತಲೆಗೆ ಕಟ್ಟಲಿ?

ಆ ಆಫೀಸಿನವರು ಸುಮ್ಮನೆ ಬಂದವರಲ್ಲ. ಊಟ ಹಿಡಿಸಿದರೆ ಇನ್ನು ಮೇಲೆ ದಿನಾ ಮಧ್ಯಾಹ್ನ ಇಡೀ ಆಫೀಸು ಇಲ್ಲೇ ಎಂದು ಹೇಳಲು ಬಂದಿದ್ದವರು. ಹಿಡಿಸಿತ್ತು ಕೂಡ. ಮರುದಿನದಿಂದ ಪತ್ತೆಯಿಲ್ಲ. ಈಗ ಎದುರು ಬೀದಿಯಲ್ಲಿ ತಿನ್ನುತ್ತಾರೆ. ಪಾತ್ರೆ ತೊಳೆಯುವ ಕಿಟಕಿಯಿಂದ ನನಗೆ ಚೆನ್ನಾಗಿ ಕಾಣುತ್ತದೆ. ಹಾಸ್ಟೆಲಿನಲ್ಲಿ ಇಷ್ಟು ವರ್ಷ ಊರಿನವರ ಮಕ್ಕಳಿಗೆಲ್ಲ ಬೇಯಿಸಿ ಹಾಕಿ, ಈಗ ಒಂದು ಸ್ವಂತ ಒಲೆ ಹಚ್ಚಿಕೊಂಡೆ. ಇದು ಮೊದಲು ಬಣ್ಣದ ಅಂಗಡಿಯಾಗಿತ್ತು. ಗೋಡೆಗಳ ಬಣ್ಣದ ವಾಸನೆ ಹೋಗಲೆಂದು ವಾರಗಟ್ಟಲೆ ಬೆಳ್ಳುಳ್ಳಿ ಹುರಿದಿದ್ದೇನೆ. ಅಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದು "ಮುಚ್ಚಿಬಿಟ್ಟು ಮನೆಗೆ ಬಾ."

ಬೇರೆ ಯಾರಾದರೂ ಅಂದಿದ್ದರೆ ಎರಡು ಮಾತು ತಿರುಗಿ ಅಂದು ಮರೆಯುತ್ತಿದ್ದೆ. ಅಂದವನು ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು. ನಾನು ಸೀಯಿಸಿದ ಅನ್ನವನ್ನೂ "ಘಮಘಮ ಅಂತಿದೆ ಕಣೇ ಗುಬ್ಬಿ" ಎಂದು ಪಾತ್ರೆ ಕೆರೆದು ತಿಂದವನು. ಅವನು ಹಾಗೆ ತಿಂದದ್ದಕ್ಕೇ ನಾನು ಅಡುಗೆಯವಳಾದೆ. ಈಗ ಅದೇ ಬಾಯಿ.

ಇನ್ನೊಂದು ಮಾತು. ಅವನಿಗೆ ಬಿ.ಪಿ. ಇದೆ ಎಂದು ಹೇಳಿದ್ದು ನೀವೇ ತಾನೇ? ಹೋದ ಸಲ ನಾನು ಬಂದಾಗ ತಾರಸಿಯಲ್ಲಿ ಒಗೆದ ಬಟ್ಟೆ ಹರವುತ್ತಾ, "ಡಾಕ್ಟರು ಉಪ್ಪು ಬಿಡಿ ಅಂದಿದಾರೆ ಗುಬ್ಬಿ, ನಾನು ಹೇಳಿದೆ ಅಂತ ಅವರಿಗೆ ಹೇಳ್ಬೇಡ" ಅಂದಿರಿ. ನಾನು ಹೇಳಲಿಲ್ಲ. ಆದರೆ ಮರೆಯಲೂ ಇಲ್ಲ. ಅವತ್ತು ಬೆಳಿಗ್ಗೆ ಬೇಗ ಎದ್ದು ಎಲ್ಲರಿಗೂ ಒಂದು ಪಾತ್ರೆಯಲ್ಲಿ ಮಾಡಿದೆ, ಅಣ್ಣನಿಗೆಂದು ಬೇರೆ ಪಾತ್ರೆಯಲ್ಲಿ ಮಾಡಿದೆ. ಬಿ.ಪಿ.ಗೆ ಏನೇನು ಆಗದೋ ನನಗೇನು ಗೊತ್ತು? ಉಪ್ಪು ಬಿಟ್ಟೆ, ಖಾರ ಬಿಟ್ಟೆ, ಹುಳಿ ಬಿಟ್ಟೆ, ಬೆಳ್ಳುಳ್ಳಿ ಬಿಟ್ಟೆ, ಎಣ್ಣೆ ತೋರಿಸಿದ ಶಾಸ್ತ್ರ ಮಾಡಿದೆ. ಸಪ್ಪೆಯಾಗಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಆದರೆ ಮನೆಯಲ್ಲಿ ನಿಮ್ಮ ಕೈಯ ಸಪ್ಪೆ ಊಟವನ್ನು ದಿನಾ ಉಸಿರೆತ್ತದೆ ತಿನ್ನುವವನು, ನನ್ನದನ್ನು ಒಂದು ಹೊತ್ತು ತಿನ್ನಬಾರದಿತ್ತೇ? ಹೆಂಡತಿ ಮಾಡಿದರೆ ಪಥ್ಯ, ತಂಗಿ ಮಾಡಿದರೆ ಕಸ!

ನೀವು ಯಾವಾಗ ಬೇಕಾದರೂ ಬನ್ನಿ ಅತ್ತಿಗೆ. ಬೀದಿಯಲ್ಲಿ ಹೋಗುವ ಎಲ್ಲರಿಗೂ ಬಾಗಿಲು ತೆರೆದಿದೆ, ಅವನಿಗೂ ಅಷ್ಟೇ. ಆದರೆ ನಾನಾಗಿ ಅವನನ್ನು ಕರೆಯುವುದಿಲ್ಲ.

ಗುಬ್ಬಿ

*

ಮಾರ್ಚ್ ೨

ಗುಬ್ಬಿ,

ಅಯ್ಯೋ ನನ್ನ ಕರ್ಮವೇ! ನಿನ್ನ ಪತ್ರ ಓದುತ್ತಾ ಓದುತ್ತಾ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ. ನೀನು ಬೇರೆ ಪಾತ್ರೆಯಲ್ಲಿ ಮಾಡಿದ್ದೆಯಾ? ಅಷ್ಟು ಅಕ್ಕರೆಯಿಂದ ಮಾಡಿದ್ದಕ್ಕೆ ಅಷ್ಟು ಬೈಸಿಕೊಂಡೆಯಾ?

ಕೇಳು. ನಿನಗೆ ನಾನು ಪೂರ್ತಿ ಹೇಳಿರಲಿಲ್ಲ. ನಿಮ್ಮಣ್ಣ ಯಾವ ಪಥ್ಯವನ್ನೂ ಮಾಡುತ್ತಿಲ್ಲ. ಮಾಡಿಸುತ್ತಿರುವವಳು ನಾನು, ಅವರಿಗೆ ಗೊತ್ತಿಲ್ಲದ ಹಾಗೆ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಹೇಳಿದರು, "ಮೊದ್ಲು ಉಪ್ಪು ಕಮ್ಮಿ ಮಾಡಿ, ಇಳೀದಿದ್ರೆ ಗುಳಿಗೆ ಶುರು ಮಾಡೋಣ." ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲೇ ಇವರು ಶುರು ಮಾಡಿದರು. "ಉಪ್ಪಿಲ್ದೆ ಉಣ್ಣೋದೂ ಒಂದು ಊಟಾನಾ? ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ನನ್ನ ತಟ್ಟೆ ತಂಟೆಗೆ ಬಂದ್ರೆ ನೋಡು!"

ಸರಿ ಎಂದೆ. ತಂಟೆಗೆ ಹೋಗುವುದಿಲ್ಲ ಎಂದೆ. ಮರುದಿನದಿಂದಲೇ ಚಿಟಿಕೆ ಚಿಟಿಕೆಯಾಗಿ ಕಳೆಯುತ್ತಾ ಬಂದೆ. ಈಗ ನಮ್ಮ ಮನೆಯಲ್ಲಿ ಉಪ್ಪು ಹೆಸರಿಗೆ ಮಾತ್ರ. "ಉಪ್ಪು ಹಾಕಿದ್ಯಾ?" ಎಂದು ಕೇಳುತ್ತಾರೆ. "ಹಾಕಿದೀನಲ್ಲ" ಅನ್ನುತ್ತೇನೆ. "ಸಪ್ಪೆ ಅನ್ಸಲ್ವಾ ನಿಂಗೆ?" "ಇಲ್ವಲ್ಲ, ಸರಿಯಾಗೇ ಇದೆ." ನಾನೂ ಅವರೆದುರಿಗೇ ಅದನ್ನೇ ತಿನ್ನುತ್ತೇನಲ್ಲ, ನಂಬಿಬಿಡುತ್ತಾರೆ.

ಪಾಪ, ಅವತ್ತು ನಿನ್ನಲ್ಲಿಗೆ ರೈಲಿನಲ್ಲಿ ಬರುವಾಗ ಪೂರ್ತಿ ನಿನ್ನ ಬದನೆಕಾಯಿಯದ್ದೇ ಮಾತು. ಬಾಯಿಗೆ ರುಚಿಯಾಗಿ ತಿನ್ನುತ್ತೇನೆ ಎಂದು ಮಕ್ಕಳ ಹಾಗೆ ಕಾದಿದ್ದರು. ಆ ಆಸೆಗೆ ಪೆಟ್ಟು ಬಿದ್ದು ಸಿಟ್ಟು ಬಂತು ಅನ್ನಿಸುತ್ತದೆ. ನಿನ್ನದೂ ತಪ್ಪಲ್ಲ, ಅವರದೂ ತಪ್ಪಲ್ಲ. ಎರಡು ಕಡೆಯೂ ಬೆಂಕಿ ಇಟ್ಟು ನಡುವೆ ಕೂತವಳು ನಾನು.

ಈಗ ಅವರು ತುಂಬಾ ಮೆತ್ತಗಾಗಿದ್ದಾರೆ. ಕೆಲಸದಲ್ಲಿ ಮುಳುಗಿರುತ್ತಾರೆ. ನಿನಗೆ ನೆನಪಿದೆಯಾ, ಅಲಾರಂ ಗಡಿಯಾರಗಳಿಗೆ ಹಾಕುವ ಆ ಚೌಕದ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ನೋಡುತ್ತಿದ್ದರಲ್ಲ? ಜುಂ ಅಂದರೆ ಕರೆಂಟ್ ಇದೆ, ಇಲ್ಲದಿದ್ದರೆ ಇಲ್ಲ. ಈಗ ಅಂಗಡಿಯ ಹೊಸ ಬ್ಯಾಟರಿಗಳನ್ನೂ ಒಂದೊಂದಾಗಿ ನಾಲಿಗೆಗೆ ಇಟ್ಟು ನೋಡುತ್ತಾ ಕೂತಿರುತ್ತಾರೆ. ಏನಾದರೂ ಕೈಗೆ ಕೆಲಸ ಬೇಕಲ್ಲ, ಮಾಡಲಿ ಎಂದು ಸುಮ್ಮನಿದ್ದೇನೆ.

ನಿನ್ನ ಅತ್ತಿಗೆ

*

ಮಾರ್ಚ್ ೯

ಅತ್ತಿಗೆ,

ಹಾಗಾದರೆ ಹೇಳಿಬಿಡಿ. ಇವತ್ತೇ ಹೇಳಿ. ನಿಮ್ಮ ಕಣ್ಣಾಮುಚ್ಚಾಲೆಗೆ ನನ್ನ ಹೋಟೆಲ್ ಬಲಿಯಾಗಬೇಕೇ?

ಇಲ್ಲಿ ನನಗೆ ಒಂದು ಹೆಸರು ಬಿದ್ದಿದೆ. ಸ್ವಂತ ಅಣ್ಣನೇ ಉಗಿದು ಎದ್ದುಹೋದನಂತೆ ಎಂದು ತರಕಾರಿಯವನ ತನಕ ಎಲ್ಲರಿಗೂ ಗೊತ್ತು. ನಿನ್ನೆ ಮಾಡಿದ್ದರಲ್ಲಿ ಅರ್ಧ ಉಳಿಯಿತು. ಎಲ್ಲವನ್ನೂ ಪಕ್ಕದ ಲಾಂಡ್ರಿಯವರಿಗೆ ಕೊಟ್ಟೆ. ಅವರು ತಿಂದು ಬೆರಳು ಚೀಪಿದರು, ನನಗೆ ಅಳು ಬಂತು.

ನೀವು ಹೇಳದಿದ್ದರೆ ನಾನೇ ಬಂದು ಅಂಗಡಿಯ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಹೇಳಿದ ಮೇಲೆ ಅವನೇ ಇಲ್ಲಿಗೆ ಬಂದು ಜನರೆದುರು ತನ್ನ ಮಾತು ವಾಪಸು ತೆಗೆದುಕೊಳ್ಳಬೇಕು. ಅಲ್ಲಿಯ ತನಕ ಅವನ ಹೆಸರನ್ನು ನನ್ನ ಮುಂದೆ ಎತ್ತಬೇಡಿ.

ಗುಬ್ಬಿ

*

ಮಾರ್ಚ್ ೨೮

ಗುಬ್ಬಿ ಮರಿ,

ಉತ್ತರ ತಡವಾಯಿತು. ಹೇಳಿಯೇ ಬರೆಯೋಣ ಎಂದುಕೊಂಡಿದ್ದೆ, ಹೇಳಲು ಆಗಲಿಲ್ಲ. ಬಾಯಿ ತೆರೆದಾಗಲೆಲ್ಲ ಅವರು ಏನಾದರೂ ಒಳ್ಳೆಯ ಮಾತಾಡಿ ನನ್ನ ಬಾಯಿ ಮುಚ್ಚಿಸುತ್ತಾರೆ. ನಿಮ್ಮಣ್ಣ ಎಷ್ಟು ಬದಲಾಗಿದ್ದಾರೆ ಎಂದರೆ ನೀನು ನಂಬುವುದಿಲ್ಲ. ಮನೆಯ ಕಾಗದಪತ್ರ ಎಲ್ಲಿದೆ ಎಂದು ಇಷ್ಟು ವರ್ಷ ನಾನು ಕೇಳಿದರೆ "ನಿಂಗ್ಯಾಕೆ ಅದೆಲ್ಲ" ಅನ್ನುತ್ತಿದ್ದವರು, ಮೊನ್ನೆ ತಾವಾಗಿ ಕೂರಿಸಿಕೊಂಡು ಒಂದೊಂದನ್ನೂ ತೋರಿಸಿದರು. ನೀರಿನ ಮೋಟಾರು ಕೈಕೊಟ್ಟರೆ ಯಾರನ್ನು ಕರೆಯಬೇಕು, ಗೋಡೆ ಗಡಿಯಾರಕ್ಕೆ ಕೀಲಿ ಹೇಗೆ ಕೊಡಬೇಕು, ಎಲ್ಲ ಹೇಳಿಕೊಟ್ಟರು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿ ಗಿರಾಕಿಗಳ ಮನೆಗೇ ಹೋಗಿ ಕೊಟ್ಟುಬಂದರು. ಹೊಸದಾಗಿ ಯಾವುದನ್ನೂ ತೆಗೆದುಕೊಳ್ಳುತ್ತಿಲ್ಲ. ಈ ಮನುಷ್ಯನಿಗೆ ಈ ವಯಸ್ಸಿನಲ್ಲಿ ಜವಾಬ್ದಾರಿ ಬಂತಲ್ಲ ಎಂದು ನನಗೆ ಒಳಗೊಳಗೇ ನಗು.

ತೂಕ ಸ್ವಲ್ಪ ಇಳಿದಿದ್ದಾರೆ. ಉಪ್ಪು ಬಿಟ್ಟಿದ್ದಕ್ಕೆ ಇರಬೇಕು, ಮೈ ಹಗುರಾಗಿದೆ. ನಿನ್ನ ಚಿಕ್ಕಂದಿನ ಫೋಟೋ ಒಂದನ್ನು ಎಲ್ಲಿಂದಲೋ ಹುಡುಕಿ ತೆಗೆದು ಕೆಲಸದ ಮೇಜಿನ ಕನ್ನಡಿಗೆ ಸಿಕ್ಕಿಸಿಕೊಂಡಿದ್ದಾರೆ. ಅದೇ ಅವರ ಕ್ಷಮೆ ಎಂದು ತಿಳಿದುಕೋ.

ನಾಳೆ ಗಡಿಯಾರದ ಬಿಡಿಭಾಗ ತರಬೇಕು ಎಂದು ಎಲ್ಲಿಗೋ ಹೊರಟಿದ್ದಾರೆ. ಬಂದ ಮೇಲೆ ಖಂಡಿತ ಹೇಳುತ್ತೇನೆ. ನನ್ನಾಣೆಗೂ ಹೇಳುತ್ತೇನೆ. ನೀನು ದುಡುಕಿ ಬಂದುಬಿಡಬೇಡ.

ಅತ್ತಿಗೆ

*

ಮಾರ್ಚ್ ೩೦

ಅತ್ತಿಗೆ,

ಯಂತ್ರ ನಿಲ್ಲಿಸಿ. ಸೂಜಿ ಪಕ್ಕಕ್ಕಿಡಿ. ಆಮೇಲೆ ಓದಿ.

ಬಿಡಿಭಾಗ ತರಲು ಹೊರಟವನು ನಿನ್ನೆ ಬಂದದ್ದು ಇಲ್ಲಿಗೆ.

ನನ್ನ ಅಡುಗೆಮನೆಯಿಂದ ಹೊರಗೆ ಊಟಕ್ಕೆ ಕೂತವರು ಕಾಣುವುದಿಲ್ಲ, ನೀವೇ ನೋಡಿದ್ದೀರಿ. ಗೋಡೆಯಲ್ಲಿ ಒಂದು ಕಿಂಡಿ ಇದೆ, ಅಷ್ಟೇ. ಬಡಿಸುವ ಅಕ್ಕ ಹೊರಗಿನಿಂದ ಕೂಗುತ್ತಾಳೆ, ನಾನು ಒಳಗಿನಿಂದ ತಟ್ಟೆ ತಳ್ಳುತ್ತೇನೆ. ಅವಳ ಗಂಟಲಿಗೆ ಬೀದಿಯವರೆಲ್ಲ ಅವಳನ್ನು ಸೈರನ್ ಎಂದೇ ಕರೆಯುವುದು. ನೀವು ಬಂದ ದಿನ ಅವಳು ರಜೆಯಲ್ಲಿದ್ದಳು, ಹಾಗಾಗಿ ಅಣ್ಣನ ಗುರುತು ಅವಳಿಗಿಲ್ಲ. ನಿನ್ನೆ ಮಧ್ಯಾಹ್ನ "ಕಿಟಕಿ ಮೇಜು, ಒಂದೂಟ!" ಎಂದು ಕೂಗಿದಳು. ಎಲ್ಲರ ಪಾತ್ರೆಯಿಂದಲೇ ಬಡಿಸಿ ತಳ್ಳಿದೆ. ಸ್ವಲ್ಪ ಹೊತ್ತಿಗೆ ಅವಳು ಒಳಗೇ ಬಂದಳು. ಅವಳು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕಿಟಕಿ ಹತ್ರ ಟೋಪಿ ಹಾಕ್ಕೊಂಡು ಒಬ್ರು ಕೂತಿದಾರೆ ಕಣೇ. ಅಳ್ತಾ ಅಳ್ತಾ ಉಣ್ತಿದಾರೆ. ಖಾರ ಏನಾದ್ರೂ ಜಾಸ್ತಿ ಹಾಕಿದ್ಯಾ?"

ಕಿಂಡಿಯಲ್ಲಿ ಹಣಕಿದೆ. ಅಣ್ಣ. ಎಷ್ಟು ಬಡಕಲಾಗಿದ್ದಾನೆ ಅತ್ತಿಗೆ, ಅದನ್ನು ಹಗುರ ಎಂದು ಬರೆದಿದ್ದೀರಲ್ಲ! ಹೊರಗೆ ಓಡಬೇಕೆನ್ನಿಸಿತು. ಆದರೆ ನಾನು ಕಂಡುಬಿಟ್ಟರೆ ಎಲ್ಲಿ ತಿನ್ನುವುದನ್ನು ನಿಲ್ಲಿಸುತ್ತಾನೋ ಎಂದು ಭಯವಾಯಿತು. ಸೌಟು ಹಿಡಿದುಕೊಂಡು ಅಲ್ಲೇ ನಿಂತೆ. ಬದನೆಕಾಯಿ ಮುಗಿಸಿದ. ಸೂಪು ಮುಗಿಸಿದ. ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಒರೆಸಿ ಒರೆಸಿ ತಿಂದ. ಮತ್ತೆ ಬಡಿಸಿಕೊಂಡ. ಮೂಗು ಒರೆಸಿಕೊಂಡು ಅದನ್ನೂ ತಿಂದ.

ಆಮೇಲೆ ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ, ಟೋಪಿ ಕೈಯಲ್ಲಿ.

"ಗುಬ್ಬಿ, ನನ್ನ ನಾಲಿಗೆಗೆ ಏನೂ ಆಗಿಲ್ಲ ಕಣೇ!"

ನನಗೆ ಅರ್ಥವಾಗಲಿಲ್ಲ. ಸಿಟ್ಟಿನಲ್ಲಿ ಏನೇನೋ ಹೇಳಬೇಕೆಂದು ತಿಂಗಳಿಂದ ಜೋಡಿಸಿಟ್ಟಿದ್ದೆ, ಒಂದೂ ನೆನಪಾಗಲಿಲ್ಲ. ಈರುಳ್ಳಿ ಚೀಲದ ಮೇಲೆ ಕೂರಿಸಿದೆ. ಅವನೇ ಹೇಳಿದ.

"ನೀನು ಆಗ ಸಣ್ಣ ಕೂಸು, ನಿಂಗೆ ನೆನಪಿಲ್ಲ. ಅಪ್ಪನಿಗೆ ಮೊದ್ಲು ಹೋಗಿದ್ದೇ ರುಚಿ. ಏನು ಕೊಟ್ರೂ ಸಪ್ಪೆ ಸಪ್ಪೆ ಅಂತಿದ್ರು. ಆಮೇಲೆ ಊಟ ಬಿಟ್ರು. ಆಮೇಲೆ ಅವರೇ ಹೋದ್ರು. ನಂಗೂ ಹಾಗೇ ಶುರುವಾಯ್ತು. ನಿಮ್ಮತ್ತಿಗೆ ಮಾಡಿದ್ದು ದಿನದಿಂದ ದಿನಕ್ಕೆ ಸಪ್ಪೆ ಆಗ್ತಾ ಬಂತು. ಅವಳು ಅದನ್ನೇ ಉಂಡು ಸರಿಯಾಗಿದೆ ಅಂತಾಳೆ. ಅಂದ್ಮೇಲೆ ಕೆಟ್ಟಿರೋದು ನಾನೇ ಅಲ್ವಾ? ಆದ್ರೂ ಗುಬ್ಬಿ ಕೈ ಊಟ ಬಾಯಿಗೆ ಹತ್ತದೇ ಇರತ್ತಾ ಅಂತ ಆಸೆ ಇಟ್ಕೊಂಡು ಬಂದೆ. ಅವತ್ತು ಅದೂ ಬರೀ ಮಣ್ಣು. ಪಕ್ಕದಲ್ಲಿ ನಿಮ್ಮತ್ತಿಗೆ ಚಪ್ಪರಿಸ್ತಾ ಇದಾಳೆ, ಆ ಆಫೀಸಿನವರು ಚಪ್ಪರಿಸ್ತಾ ಇದಾರೆ. ಮುಗೀತು ನನ್ ಕಥೆ ಅನ್ನಿಸ್ತು. ನಾನು ಹೋಗೋನು, ಇವಳೊಬ್ಬಳೇ ಇಷ್ಟು ದೂರ ಇದಾಳಲ್ಲ, ಇರೋಷ್ಟು ದಿನ ಕಣ್ಣೆದುರಿಗಿರ್ಲಿ ಅಂತ... ಮುಚ್ಚಿಬಿಟ್ಟು ಮನೆಗೆ ಬಾ ಅಂದುಬಿಟ್ಟೆ."

ಅತ್ತಿಗೆ, ಆ ಮಾತನ್ನು ನಾನು ಇಷ್ಟು ದಿನ ಹೇಗೆ ಹೊತ್ತುಕೊಂಡು ತಿರುಗಿದ್ದೆ ನಿಮಗೆ ಗೊತ್ತು. ಅವನು ನನ್ನನ್ನು ಕರೆದದ್ದಂತೆ ಅದು. ಹೊರಗೆ ಸೈರನ್ ಎರಡು ಊಟ ಎಂದು ಕೂಗುತ್ತಲೇ ಇದ್ದಳು, ಕೂಗಲಿ ಎಂದು ಬಿಟ್ಟೆ.

"ಅಲ್ಲ, ಮನೇಲಿ ಉಪ್ಪಿನ ಡಬ್ಬಿ ಇರ್ಲಿಲ್ವಾ ಅಣ್ಣಾ? ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು ನೋಡೋದಲ್ವಾ?" ಎಂದು ಕೇಳಿದೆ.

"ಎಷ್ಟು ಸಲ ಡಬ್ಬಿ ತನಕ ಹೋದೆ ಗೊತ್ತಾ? ಅದೂ ಸಪ್ಪೆ ಅನ್ನಿಸಿಬಿಟ್ರೆ ಇನ್ನೇನು ಉಳೀತು ಅಂತ ವಾಪಸ್ ಬರ್ತಿದ್ದೆ. ಬ್ಯಾಟರಿ ಆದ್ರೆ ಪರವಾಗಿಲ್ಲ. ಜುಂ ಅನ್ನದಿದ್ರೆ ಬ್ಯಾಟರೀನೇ ಸತ್ತಿದೆ ಅನ್ಕೋಬಹುದು."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಇನ್ನೊಂದು ಸಲ ನೋಡಿಬಿಡೋಣ, ಈ ಸಲವೂ ಸಪ್ಪೆಯಾದರೆ ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡೇ ಹೋಗುವುದು ಎಂದು ಗಟ್ಟಿ ಮಾಡಿಕೊಂಡು ಬಂದಿದ್ದನಂತೆ. ಆಮೇಲೆ ಮುಖ ಅರಳಿಸಿ ಅವನೇ ತೀರ್ಪು ಕೊಟ್ಟ. "ಅಂದ್ರೆ ಅವತ್ತು ಕೆಟ್ಟಿದ್ದು ನಿನ್ನ ಅಡುಗೇನೇ. ಉಪ್ಪು ಮರೆತಿದ್ದೆ, ಅಲ್ವಾ?"

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು ಅತ್ತಿಗೆ. ಹೇಳಿಬಿಡಿ ಎಂದು ನಿಮಗೆ ಅಷ್ಟು ಜೋರು ಮಾಡಿದವಳು ನಾನು. ಆದರೆ ನೀವಿಬ್ಬರೂ ಸೇರಿ ನನ್ನನ್ನು ಸಾವಿನ ಬಾಗಿಲ ತನಕ ಕಳಿಸಿದ್ರಾ ಎಂದು ಆ ಮುಖ ಕೇಳುವುದನ್ನು ನನಗೆ ನೋಡಲಾಗುತ್ತಿರಲಿಲ್ಲ.

"ಹೂಂ ಅಣ್ಣಾ, ಮರೆತಿದ್ದೆ" ಎಂದೆ.

"ಹೋಟೆಲ್ ಇಟ್ಟವಳು ಉಪ್ಪು ಮರೀತಾಳೇನೇ? ಗಮನ ಇರ್ಬೇಕು ಗುಬ್ಬಿ. ಗಡಿಯಾರ ಬಿಚ್ಚಿ ಮುಳ್ಳು ಹಾಕೋದು ಮರೆತ್ರೆ ಗಿರಾಕಿ ಸುಮ್ನಿರ್ತಾನಾ?" ಎಂದು ಬುದ್ಧಿ ಹೇಳಿದ. ಕೈಕಟ್ಟಿಕೊಂಡು ಕೇಳಿದೆ. ಹಾಸ್ಟೆಲಿನಲ್ಲಿ ಇಷ್ಟು ವರ್ಷ ಒಂದು ದಿನವೂ ಉಪ್ಪು ಮರೆತವಳಲ್ಲ ನಾನು. ಇರಲಿ, ಹೋಗಲಿ.

ಎರಡು ತಟ್ಟೆ ತಿಂದಿದ್ದಾನೆ, ಅದೂ ಉಪ್ಪು ಹಾಕಿದ್ದು. ಬಿ.ಪಿ. ಏನಾಗಿದೆಯೋ ಎಂದು ಇವತ್ತೆಲ್ಲ ನನಗೆ ಪುಕುಪುಕು. ಇನ್ನು ಮನೆಗೆ ಬಂದು ನಿಮ್ಮ ಕೈಯದ್ದನ್ನು ಬಾಯಿಗಿಟ್ಟಾಗ ಏನು ಕಥೆಯೋ, ಅದು ನಿಮ್ಮ ಪಾಡು. ನಾನು ಹಾಕಿದ್ದ ಶರತ್ತನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಅವನು ಯಾರೆದುರೂ ಏನೂ ಹೇಳಬೇಕಾಗಿಲ್ಲ. ಚೆನ್ನಾಗಿರಲಿ ಸಾಕು.

ಗುಬ್ಬಿ

*

ಏಪ್ರಿಲ್ ೧೨

ನನ್ನ ಬಂಗಾರದಂಥ ಗುಬ್ಬಿ,

ನಿನ್ನ ಪತ್ರ ಓದಿ, ಹೊಲಿಯುತ್ತಿದ್ದ ಪರದೆಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಯಾರೋ ಗಿರಾಕಿಯದು, ಒಗೆದು ಇಸ್ತ್ರಿ ಮಾಡಿ ಕೊಡಬೇಕಾಯಿತು. ಗಂಡ ಪಕ್ಕದಲ್ಲೇ ಕೂತು ಸಾವಿಗೆ ಸಿದ್ಧವಾಗುತ್ತಿದ್ದ, ಹೆಂಡತಿ ಜವಾಬ್ದಾರಿ ಬಂತು ಎಂದು ನಗುತ್ತಿದ್ದಳು. ನನ್ನಂಥ ಪೆದ್ದಿ ಇನ್ನೊಬ್ಬಳು ಇರಲಾರಳು.

ನಿನ್ನಲ್ಲಿಂದ ಬಂದವರು ಹಾಡು ಗುನುಗುತ್ತಾ ಬಂದರು. ಊಟಕ್ಕೆ ಕೂತರು. ಒಂದು ತುತ್ತು ಬಾಯಿಗಿಟ್ಟು ಕೆಳಗಿಟ್ಟರು. ನನ್ನನ್ನೇ ನೋಡಿದರು. ನಾನು ಎಂದಿನಂತೆ ಅದನ್ನೇ ತಿನ್ನುತ್ತಿದ್ದೆ. ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದುಕೊಂಡರು. ಮದುವೆಯಾದ ಹೊಸದರಲ್ಲೂ ಅಷ್ಟು ಮೆತ್ತಗೆ ಹಿಡಿದಿರಲಿಲ್ಲ.

"ನಿಜ ಹೇಳು. ನಿಂಗೆ ಇದರಲ್ಲಿ ಉಪ್ಪು ಇದೆ ಅನ್ಸತ್ತಾ?"

"ಸರಿಯಾಗೇ ಇದೆಯಲ್ಲ" ಎಂದೆ, ಅಭ್ಯಾಸಬಲ.

"ಹೆದರ್ಬೇಡ. ನಾನಿದೀನಿ. ನಾಳೇನೇ ಡಾಕ್ಟರ ಹತ್ರ ಹೋಗೋಣ."

ನನ್ನ ನಾಲಿಗೆ ಕೆಟ್ಟಿದೆ ಎಂದುಕೊಂಡಿದ್ದರು ಗುಬ್ಬಿ! ನಿಜ ಹೇಳುತ್ತೇನೆಂದು ಆಣೆ ಮಾಡಿದವಳು, ಆ ಕೈ ಬಿಡಿಸಿಕೊಳ್ಳಲು ಮನಸ್ಸಾಗದೆ ಮರುದಿನ ಸುಮ್ಮನೆ ಜೊತೆಗೆ ಹೋದೆ. ತಾವು ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಠ ಹಿಡಿದಿದ್ದ ಮನುಷ್ಯ, ನನಗೋಸ್ಕರ ಮೊದಲು ತಾವೇ ಹತ್ತಿದರು. ಡಾಕ್ಟರ ಮುಂದೆ ಕೂತು ನನ್ನ ಕಾಯಿಲೆಯನ್ನು ಎಷ್ಟು ಗಂಭೀರವಾಗಿ ವಿವರಿಸಿದರೆಂದರೆ ನನಗೇ ನನ್ನ ಮೇಲೆ ಅನುಮಾನ ಬಂತು. ಡಾಕ್ಟರು ಎಲ್ಲ ಕೇಳಿ, "ಅವರದ್ದು ಆಮೇಲೆ ನೋಡೋಣ, ಮೊದ್ಲು ನಿಮ್ಮ ತೋಳು ಕೊಡಿ" ಎಂದರು. ಪಟ್ಟಿ ಸುತ್ತಿ, ಗಾಳಿ ಹಾಕಿ ನೋಡಿದರು. "ಪರವಾಗಿಲ್ವೇ! ಚೆನ್ನಾಗಿ ಇಳಿದಿದೆ. ಗುಳಿಗೆ ಬೇಡ. ಉಪ್ಪು ಬಿಟ್ಟು ಒಳ್ಳೇ ಕೆಲಸ ಮಾಡಿದ್ರಿ."

"ಯಾರು ಬಿಟ್ಟಿದ್ದು?" ಎಂದರು ನಿಮ್ಮಣ್ಣ.

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹೊರಗೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಕೂಗಾಡುತ್ತಾರೆ, ಬೀದಿಯ ಜನ ಸೇರುತ್ತಾರೆ ಎಂದು ಸೆರಗು ಬಿಗಿ ಮಾಡಿಕೊಂಡೇ ಹೇಳಿದೆ. ಕೂಗಾಡಲಿಲ್ಲ. ನಡುನಡುವೆ ನಗುತ್ತಿದ್ದರು. "ಚಿಟಿಕೆ ಚಿಟಿಕೆಯಾಗಿ ಕದ್ದಿದೀಯಲ್ಲೇ ಕಳ್ಳಿ" ಎಂದರು. ಆಮೇಲೆ ನಗು ನಿಂತಿತು.

"ಹಾಗಾದ್ರೆ ಅವತ್ತು ಗುಬ್ಬಿ ಕೊಟ್ಟ ತಟ್ಟೆ?"

"ನಿಮಗೆ ಅಂತಾನೇ ಬೇರೆ ಪಾತ್ರೆಯಲ್ಲಿ ಮಾಡಿದ್ಲು. ಬೆಳಿಗ್ಗೆ ಬೇಗ ಎದ್ದು."

"ಮರೆತೆ ಅಂದ್ಲಲ್ಲ ನಂಗೆ."

"ನಿಮಗೆ ನೋವಾಗತ್ತೆ ಅಂತ ಅಂದಿದಾಳೆ."

ನಮ್ಮ ಬಸ್ಸು ಬಂತು. ಅವರು ಏಳಲಿಲ್ಲ. ಅದರ ಹಿಂದೆ ಇನ್ನೊಂದು ಬಂತು, ಅದನ್ನೂ ಬಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕೂತಿದ್ದರು. ಒರೆಸಬೇಕಾಗಿದ್ದದ್ದು ಕನ್ನಡಕವಲ್ಲ ಎಂದು ನನಗೆ ಗೊತ್ತಿತ್ತು.

ಅದಾದ ಮೇಲೆ ದಿನಗಟ್ಟಲೆ ಏನೋ ಯೋಚನೆ ಮಾಡುತ್ತಿದ್ದರು. ಈ ಪತ್ರವನ್ನು ನಾನು ಅಂಗಡಿಯಲ್ಲಿ ಬರೆಯುತ್ತಿಲ್ಲ, ಮನೆಯಲ್ಲೇ ಅವರೆದುರೇ ಬರೆಯುತ್ತಿದ್ದೇನೆ. ಇನ್ನು ಮುಚ್ಚುಮರೆ ಯಾಕೆ? ಇಷ್ಟುದ್ದ ಏನು ಬರೀತಿದೀಯಾ ಎಂದು ಆಗಿನಿಂದ ಕೇಳುತ್ತಿದ್ದವರು ಈಗ ಪೆನ್ನಿಗೇ ಕೈ ಹಾಕಿದ್ದಾರೆ. ಕೊಡುತ್ತೇನೆ, ಇಲ್ಲದಿದ್ದರೆ ಕಾಗದ ಹರಿಯುತ್ತದೆ.

ಗುಬ್ಬಿ,

ನಾನು ಪತ್ರ ಬರೆಯುವವನಲ್ಲ. ತಪ್ಪಿದ್ದರೆ ನಿನ್ನ ಅತ್ತಿಗೆ ತಿದ್ದುತ್ತಾಳೆ, ಅವಳಿಗೆ ಈಗ ಕದ್ದು ತಿದ್ದುವುದು ಅಭ್ಯಾಸವಾಗಿದೆ.

ನೀನು ಉಪ್ಪು ಮರೆತೆ ಅಂದೆ. ನಂಬಿದೆ. ನಂಬಿದ್ದು ಸಾಲದೆಂದು ನಿನ್ನ ಅಡುಗೆಮನೆಯಲ್ಲೇ ಕೂತು ನಿನಗೆ ಅಡುಗೆಯ ಬುದ್ಧಿ ಹೇಳಿ ಬಂದೆ. ನೀನು ಕೈಕಟ್ಟಿಕೊಂಡು ಕೇಳಿದೆ. ಅದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ ಕಣೇ.

ಹೋಟೆಲ್ ಮುಚ್ಚಬೇಡ. ನಾನು ಸದ್ಯಕ್ಕೆ ಎಲ್ಲಿಗೂ ಹೋಗುತ್ತಿಲ್ಲ, ಡಾಕ್ಟರೇ ಹೇಳಿದ್ದಾರೆ.

ಬರುವ ವಾರ ನಾವಿಬ್ಬರೂ ಬರುತ್ತೇವೆ. ಕೆಲಸದ ದಿನವೇ ಬರುತ್ತೇವೆ, ಮಧ್ಯಾಹ್ನ ಜನ ತುಂಬಿರುವ ಹೊತ್ತಿಗೆ. ಟೋಪಿ ಹಾಕಿಕೊಂಡು ಬರುವುದಿಲ್ಲ. ಎದುರು ಬೀದಿಗೆ ಹೋಗಿ ಆ ಆಫೀಸಿನವರನ್ನು ನಾನೇ ಕರೆದುಕೊಂಡು ಬರುತ್ತೇನೆ, ಬರದಿದ್ದರೆ ಎಳೆದುಕೊಂಡು ಬರುತ್ತೇನೆ. ನಡುವಿನ ಮೇಜಿನಲ್ಲಿ ಕೂರುತ್ತೇನೆ. ಅವರೆಲ್ಲ ಎಲ್ಲರ ಪಾತ್ರೆಯದ್ದನ್ನು ತಿನ್ನಲಿ. ನನಗೆ ಅವತ್ತು ಮಾಡಿದ್ದೆಯಲ್ಲ, ಅದನ್ನೇ ಮಾಡು. ಉಪ್ಪು ಬೇಡ, ಖಾರ ಬೇಡ, ಏನು ಬಿಟ್ಟಿದ್ದೆಯೋ ಎಲ್ಲ ಬಿಡು. ಆ ಜೋರು ಗಂಟಲಿನ ಅಕ್ಕನಿಗೆ ಹೇಳು, ಯಜಮಾನಿಯ ಅಣ್ಣನಿಗೆ ಬೇರೆ ಪಾತ್ರೆಯದು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಲಿ.

ಅವತ್ತು ಒಂದು ತುತ್ತಿಗೆ ಬಿಟ್ಟು ಎದ್ದೆ. ಈ ಸಲ ತಟ್ಟೆ ಖಾಲಿ ಮಾಡದೆ ಏಳುವುದಿಲ್ಲ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿದೆ ಎಂದು ಸುಳ್ಳು ಹೇಳುವುದಿಲ್ಲ, ನನ್ನ ಸ್ವಭಾವ ನಿನಗೆ ಗೊತ್ತು. ಆದರೆ ಒಳಗೆ ಬಂದು, ನಿನ್ನ ಕಿವಿಯಲ್ಲಿ ಹೇಳುತ್ತೇನೆ.

ಅಣ್ಣ